ಹದಿನೈದನೆಯ ಲೆವೆಲ್ಲಿನ ಕಬ್ಬಿಣ

ಗೋಡೆಗೆ ಮೊಳೆ ಹೊಡೆಯಲು ಹೋದರೆ ಹೆಬ್ಬೆರಳನ್ನೇ ಜಜ್ಜಿಕೊಳ್ಳುವ ನಾನು, ರಾತ್ರಿ ಊಟವಾದ ಮೇಲೆ ಕಮ್ಮಾರನಾಗುತ್ತೇನೆ. ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟದ ವ್ಯಾರಾಕ್ ಪಟ್ಟಣದಲ್ಲಿ, ಪಶ್ಚಿಮದ ಬ್ಯಾಂಕಿನ ಸಮೀಪ ಲೋಹ ಬಡಿಯುವ ಅಡಿಗಲ್ಲೊಂದಿದೆ; ಅದರ ಮುಂದೆ ಸುತ್ತಿಗೆ ಹಿಡಿದು ನಿಂತರೆ ಗಂಟೆ ಹನ್ನೊಂದಾದದ್ದೂ ತಿಳಿಯುವುದಿಲ್ಲ. ಆಟಗಾರನ ಚೀಲದಲ್ಲಿ ಇರುವುದು 28 ಖಾನೆಗಳು. ಒಂದು ಸುತ್ತಿಗೆಗೆ ಹೋದರೆ ಲೋಹದ ಗಟ್ಟಿಗಳಿಗೆ 27 ಉಳಿಯುತ್ತವೆ. ಒಂದು ಎದೆಗವಚಕ್ಕೆ ಐದು ಗಟ್ಟಿ ಬೇಕಾದ್ದರಿಂದ ಒಂದು ಸಲಕ್ಕೆ ಐದು ಕವಚಗಳಾಗಿ ಎರಡು ಗಟ್ಟಿ ಮಿಗುತ್ತವೆ. ಹೋಳಿಗೆಯ ಕಣಕ ಮುಗಿದ ಮೇಲೆ ಮಿಕ್ಕ ಹೂರಣದಂತೆ ಆ ಎರಡು ಗಟ್ಟಿಗಳು ಚೀಲದ ಮೂಲೆಯಲ್ಲಿ ಕುಳಿತು ನನ್ನನ್ನು ನೋಡುತ್ತವೆ.

ಇಂಗ್ಲೆಂಡಿನ ಗೋವರ್ ಸಹೋದರರು 2001ರ ಜನವರಿಯಲ್ಲಿ ಶುರುಮಾಡಿದ ಆಟ ಇದು. ನಾನು ಆಡುವುದು ಅದರ ಹಳೆಯ ರೂಪವನ್ನು. 2007ರ ಆಗಸ್ಟಿನಲ್ಲಿ ಆಟ ಹೇಗಿತ್ತೋ ಆ ಪ್ರತಿಯನ್ನು ಹುಡುಕಿ ತೆಗೆದು 2013ರಲ್ಲಿ ‘ಓಲ್ಡ್ ಸ್ಕೂಲ್’ ಎಂಬ ಹೆಸರಿನಲ್ಲಿ ಮತ್ತೆ ಬಿಟ್ಟರು. ಇಲ್ಲಿ ಕಮ್ಮಾರಿಕೆಗೆ 1ರಿಂದ 99ರವರೆಗೆ ಲೆವೆಲ್‌ಗಳಿವೆ. ತಾಮ್ರ ಮತ್ತು ತವರವನ್ನು ಬೆರೆಸಿ ಕಂಚು ಮಾಡುವುದಕ್ಕೆ ಒಂದನೆಯ ಲೆವೆಲ್ ಸಾಕು. ಕಬ್ಬಿಣಕ್ಕೆ 15, ಉಕ್ಕಿಗೆ 30 ಬೇಕು. ಆಮೇಲಿನವು ಭೂಮಿಯ ಮೇಲಿನ ಯಾವ ಗಣಿಯಲ್ಲೂ ಸಿಗದ ಲೋಹಗಳು: ಮಿಥ್ರಿಲ್‌ಗೆ 50, ಅಡಮಂಟೈಟ್‌ಗೆ 70, ರೂನೈಟ್‌ಗೆ 85. ಲೋಹ ಮೇಲೇರಿದಷ್ಟೂ ಕಲ್ಲಿದ್ದಲಿನ ಹಸಿವೂ ಏರುತ್ತದೆ. ಉಕ್ಕಿನ ಒಂದು ಗಟ್ಟಿಗೆ ಎರಡು ಕಲ್ಲಿದ್ದಲು ಸಾಕಾದರೆ ರೂನೈಟ್‌ಗೆ ಎಂಟು ಬೇಕು. ಹಾಗಾಗಿ ಚೀಲದ ತುಂಬ ಹೊತ್ತು ಕುಲುಮೆಗೆ ಓಡಿದರೂ ಕೈಗೆ ಬರುವುದು ಮೂರೇ ಗಟ್ಟಿ.

ನನ್ನನ್ನು ಈ ಕಸುಬಿಗೆ ಹಚ್ಚಿದವನು ಅಕ್ಕನ ಮಗ. ಅವನು ಮೊದಲ ದಿನವೇ ಹೇಳಿಕೊಟ್ಟದ್ದು ಕಸುಬನ್ನಲ್ಲ, ಒಳದಾರಿಯನ್ನು. ಫಾಲಡೋರ್ ಪಟ್ಟಣದಲ್ಲಿ ಕತ್ತಿ ಕಳೆದುಕೊಂಡು ಪೇಚಾಡುವ ಸೇವಕನೊಬ್ಬನಿದ್ದಾನೆ. ಅಂಥದ್ದೇ ಇನ್ನೊಂದು ಕತ್ತಿಯನ್ನು ಮಾಡಬಲ್ಲವನು ಥರ್ಗೋ ಎಂಬ ಕುಳ್ಳ ಕಮ್ಮಾರ. ಅವನ ಬಾಯಿ ಬಿಡಿಸಬೇಕಾದರೆ ಕೆಂಪು ಬೆರ್ರಿ ಹಣ್ಣಿನ ಕಡುಬೊಂದನ್ನು ಒಯ್ದು ಕೊಡಬೇಕು. ಈ ಉಪಕಾರವನ್ನು ಮುಗಿಸಿದವನಿಗೆ ಕಮ್ಮಾರಿಕೆಯಲ್ಲಿ 12,725 ಅಂಕಗಳ ಅನುಭವ ಒಮ್ಮೆಗೇ ದೊರೆತು, ಒಂದನೆಯ ಲೆವೆಲ್ಲಿನವನು ಒಂದೇ ನೆಗೆತಕ್ಕೆ 29ಕ್ಕೆ ಹೋಗಿ ನಿಲ್ಲುತ್ತಾನೆ. ಗುರುವಿನ ಹೊಟ್ಟೆ ತಣ್ಣಗಾದರೆ ಶಿಷ್ಯನ ವಿದ್ಯೆ ಬೆಳೆಯುತ್ತದೆ ಎಂಬ ನಂಬಿಕೆ ನಮ್ಮ ಕಡೆಯೂ ಇದ್ದದ್ದೇ, ಆದರೆ ಒಂದು ಕಡುಬಿಗೆ 28 ಲೆವೆಲ್ ಎಂಬ ದರವನ್ನು ನಾನು ಬೇರೆಲ್ಲೂ ಕೇಳಿಲ್ಲ.

ಒಳದಾರಿಗಳು ಅಲ್ಲಿಗೆ ಮುಗಿದವೆಂದುಕೊಳ್ಳಬೇಡಿ. ಕುಳ್ಳರ ಕಪ್ಪು ಬಿಯರ್ ಒಂದು ಲೋಟ ಕುಡಿದರೆ ಸ್ವಲ್ಪ ಹೊತ್ತಿನ ಮಟ್ಟಿಗೆ ಕಮ್ಮಾರಿಕೆ ಒಂದು ಲೆವೆಲ್ ಏರುತ್ತದೆ, ಜೊತೆಗೆ ಕಾದಾಡುವ ಶಕ್ತಿ ಇಳಿಯುತ್ತದೆ. ಕುಡಿದವನ ಕೈಗೆ ಸುತ್ತಿಗೆಯನ್ನು ಕೊಡುವುದಕ್ಕೆ ನಮ್ಮೂರಿನಲ್ಲಿ ಯಾರೂ ಒಪ್ಪುತ್ತಿರಲಿಲ್ಲ.

ರೂನೈಟ್ ಗಟ್ಟಿಗಳಿಂದ ಮಾಡುವ ರೂನ್ ಎದೆಗವಚದ ಲೆಕ್ಕವಂತೂ ನನಗೆ ಇನ್ನೂ ಅರಗಿಲ್ಲ. ಅದನ್ನು ಧರಿಸುವವನಿಗೆ ರಕ್ಷಣೆಯಲ್ಲಿ 40ನೆಯ ಲೆವೆಲ್ ಇದ್ದು, ಎಲ್ವಾರ್ಗ್ ಎಂಬ ಡ್ರ್ಯಾಗನ್ನನ್ನು ಕೊಂದ ಹೆಗ್ಗಳಿಕೆ ಇದ್ದರೆ ಆಯಿತು. ಅದನ್ನು ಮಾಡುವವನಿಗೆ ಬೇಕಾದದ್ದು 99, ಅಂದರೆ 1,30,34,431 ಅಂಕಗಳ ಅನುಭವ. 92ನೆಯ ಲೆವೆಲ್ ಮುಟ್ಟಿದಾಗ ಇನ್ನೂ ಅರ್ಧ ದಾರಿಯಷ್ಟೇ ಆಗಿರುತ್ತದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯನ್ನು ಇಲ್ಲಿ ಕಮ್ಮಾರನಿಗೆ ವರುಷ, ತೊಡುವವನಿಗೆ ನಿಮಿಷ ಎಂದು ತಿದ್ದಿಕೊಳ್ಳಬೇಕು. ಇಷ್ಟು ಶ್ರಮಪಟ್ಟು ಮಾಡಿದ ಕವಚವನ್ನು ಯಾರಾದರೂ ವೀರ ತೊಟ್ಟು ಮೆರೆದರೆ ಸಮಾಧಾನವಿರುತ್ತಿತ್ತು. ಆದರೆ ಅದರ ಮೇಲೆ ಮಂತ್ರ ಹಾಕಿದರೆ 39,000 ನಾಣ್ಯಗಳಾಗಿ ಕರಗುವುದರಿಂದ, ಎಷ್ಟೋ ಕವಚಗಳು ಒಬ್ಬರ ಮೈಯನ್ನೂ ಮುಟ್ಟದೆ ಚಿಲ್ಲರೆಯಾಗಿ ಮುಗಿದುಹೋಗುತ್ತವೆ.

ಆದರೂ ನನ್ನ ನಿಜವಾದ ತಕರಾರು ಬೇರೆ. ಈ ಆಟದ ಕಮ್ಮಾರ ಸೋಲುವುದಿಲ್ಲ. 49ನೆಯ ಲೆವೆಲ್ಲಿನಲ್ಲಿ ಮಿಥ್ರಿಲ್ ಅದಿರನ್ನು ಕುಲುಮೆಗೆ ಒಡ್ಡಿದರೆ ನಿನಗೆ ಯೋಗ್ಯತೆ ಸಾಲದೆಂಬ ಉತ್ತರ ಬರುತ್ತದೆ. 50 ಆದ ಮರುಗಳಿಗೆಯಿಂದ ಒಂದು ಗಟ್ಟಿಯೂ ಕೆಡದೆ ಸಾಲಾಗಿ ಹೊರಬರುತ್ತವೆ. ಅರ್ಧಂಬರ್ಧ ಬಲ್ಲವನೆಂಬ ಮನುಷ್ಯ ಇಲ್ಲಿ ಇಲ್ಲವೇ ಇಲ್ಲ. ಇದು ಕಸುಬಿನ ಮೆಟ್ಟಿಲೋ ಪರವಾನಗಿ ಪತ್ರವೋ ಎಂಬ ಅನುಮಾನ, ದಿನವಿಡೀ ಕಡತಗಳ ನಡುವೆ ಕೂರುವ ನನಗೆ ಬಂದದ್ದು ಸಹಜ. 1997ರ ಅಲ್ಟಿಮಾ ಆನ್‌ಲೈನ್ ಆಟದಲ್ಲಿ ಹೀಗಿರಲಿಲ್ಲ. ಅಲ್ಲಿ ಕೌಶಲವು ದಶಾಂಶದ ಲೆಕ್ಕದಲ್ಲಿ ಕೂಡುತ್ತ ನೂರರ ಕಡೆಗೆ ತೆವಳುತ್ತಿತ್ತು, ಪ್ರತಿ ಪ್ರಯತ್ನಕ್ಕೂ ಗೆಲುವಿನ ಒಂದು ಪ್ರಮಾಣವಿರುತ್ತಿತ್ತು, ಸೋತರೆ ಲೋಹವೂ ಹಾಳಾಗುತ್ತಿತ್ತು. ನೂರು ಮುಟ್ಟಿದ ಗ್ರಾಂಡ್‌ಮಾಸ್ಟರ್ ಮಾಡಿದ ಉತ್ತಮ ಕತ್ತಿಯ ಮೇಲೆ ಅವನ ಹೆಸರೇ ಮೂಡುತ್ತಿತ್ತು.

ಇನ್ನೊಂದು ವಿಚಿತ್ರವೆಂದರೆ ನಾನು ಆಡುವ ಹಳೆಯ ರೂಪದಲ್ಲಿ ಕಮ್ಮಾರ ತಣ್ಣನೆಯ ಗಟ್ಟಿಯನ್ನೇ ಬಡಿಯುತ್ತಾನೆ. ಅದಿರನ್ನು ಕರಗಿಸಲು ಮಾತ್ರ ಬೆಂಕಿ. ಅಡಿಗಲ್ಲಿನ ಬಳಿ ತಿದಿಯೂ ಇಲ್ಲ, ಇಕ್ಕಳವೂ ಇಲ್ಲ. ಬೇಸಿಗೆ ರಜೆಯಲ್ಲಿ ಕುಡುಗೋಲಿಗೆ ಕಕ್ಕು ಹಾಕಿಸಲು ಅಜ್ಜ ನನ್ನನ್ನು ಕುಲುಮೆಗೆ ಕಳುಹಿಸುತ್ತಿದ್ದರು. ಅಲ್ಲಿನ ಮುದುಕ ಕಬ್ಬಿಣವನ್ನು ಬೆಂಕಿಯಿಂದ ಈಚೆಗೆಳೆದು, ಬೆಳಕಿಗೆ ಬೆನ್ನು ಹಾಕಿ ಅದರ ಬಣ್ಣವನ್ನು ನೋಡಿ, ಕೆಲವೊಮ್ಮೆ ಏನೂ ಹೇಳದೆ ಮತ್ತೆ ಇದ್ದಿಲಿನೊಳಗೆ ತುರುಕುತ್ತಿದ್ದ. ‘ಆಯ್ತಾ ಅಜ್ಜ?’ ಎಂದರೆ ‘ಇನ್ನೂ ಹದ ಬಂದಿಲ್ಲ ಕೂಸೇ’ ಎನ್ನುತ್ತಿದ್ದ. ಅವನದು ಎಷ್ಟನೆಯ ಲೆವೆಲ್ಲೋ ನನಗೆ ಗೊತ್ತಾಗಲಿಲ್ಲ. ರೂನ್‌ಸ್ಕೇಪಿನ ಹೊಸ ರೂಪದಲ್ಲಿ 2019ರ ಜನವರಿಯಲ್ಲಿ ಇಡೀ ಕಸುಬನ್ನೇ ತಿದ್ದಿ ಬರೆದರು: ರೂನ್ ಲೋಹ 50ನೆಯ ಲೆವೆಲ್ಲಿಗೇ ಇಳಿಯಿತು, ವಸ್ತುವನ್ನು ಕಾಯಿಸಿ ಬಡಿಯಬೇಕು, ಆರಿದರೆ ಮತ್ತೆ ಒಲೆಗೆ ಒಯ್ಯಬೇಕು ಎಂಬ ನಿಯಮವೂ ಬಂತು. ಯಾರೋ ಒಬ್ಬರು ಕೊನೆಗೂ ಕುಲುಮೆಯೊಂದನ್ನು ಕಣ್ಣಾರೆ ಕಂಡಿರಬೇಕು ಎಂದು ನನಗೆ ಅನ್ನಿಸಿತು.

ಹಳೆಯ ರೂಪದಲ್ಲಿಯೂ ಒಂದು ಲೋಹ ಮಾತ್ರ ಈ ಪರವಾನಗಿಗೆ ಬಗ್ಗಿಲ್ಲ, ಅದು ಕಬ್ಬಿಣ. ಹದಿನೈದನೆಯ ಲೆವೆಲ್ ಆದರೂ ಸರಿ, ತೊಂಬತ್ತೊಂಬತ್ತಾದರೂ ಸರಿ, ಸಾಮಾನ್ಯ ಕುಲುಮೆಯಲ್ಲಿ ಕಬ್ಬಿಣದ ಅದಿರು ಗಟ್ಟಿಯಾಗುವ ಸಂಭವ ಅರ್ಧಕ್ಕರ್ಧ. ಆಗದಿದ್ದರೆ ಅದಿರಿನಲ್ಲಿ ಕಲ್ಮಶವಿತ್ತೆಂಬ ಸಾಲೊಂದು ಮೂಡಿ ಅದು ಮಾಯವಾಗುತ್ತದೆ. ಇದಕ್ಕೂ ಪರಿಹಾರವಿಲ್ಲದಿಲ್ಲ. ಮಾಣಿಕ್ಯದ ಉಂಗುರಕ್ಕೆ ಮಂತ್ರ ಹಾಕಿ ಮಾಡಿದ ಕಮ್ಮಾರಿಕೆಯ ಉಂಗುರವೊಂದನ್ನು ಬೆರಳಿಗೆ ಹಾಕಿಕೊಂಡರೆ 140 ಗಟ್ಟಿಗಳವರೆಗೆ ಒಂದೂ ಕೆಡುವುದಿಲ್ಲ. ಅಕ್ಕನ ಮಗ ಅಂಥದ್ದೊಂದನ್ನು ತಂದುಕೊಟ್ಟು ಆರು ತಿಂಗಳಾಯಿತು.

‘ಮಾಮ, ಉಂಗುರ ಎಲ್ಲಿ?’ ಎಂದು ನಿನ್ನೆ ಬಂದವನು ನನ್ನ ಭುಜದ ಮೇಲಿಂದ ಬಗ್ಗಿ ನೋಡಿ ಕೇಳಿದ.

‘ಬ್ಯಾಂಕಲ್ಲಿದೆ’ ಎಂದೆ.

‘ಅಲ್ಲಿಟ್ಟು ಏನು ಮಾಡ್ತೀರಿ? ಅದಿರೆಲ್ಲ ದಂಡ ಆಗ್ತಿದೆಯಲ್ಲ.’

ನಾನು ಉತ್ತರ ಕೊಡಲಿಲ್ಲ, ಏಕೆಂದರೆ ಆ ಹೊತ್ತಿಗೆ ಎಣಿಸುತ್ತಿದ್ದೆ. 28 ಅದಿರುಗಳಲ್ಲಿ ಇಪ್ಪತ್ತಾರು ಮುಗಿದು ಹದಿನೇಳು ಗಟ್ಟಿಗಳಾಗಿದ್ದವು. ಇಪ್ಪತ್ತೇಳನೆಯದು ಕೆಟ್ಟಿತು, ಇಪ್ಪತ್ತೆಂಟನೆಯದನ್ನು ಕುಲುಮೆ ಇನ್ನೂ ನುಂಗುತ್ತಿತ್ತು. ಅವನೂ ಮಾತು ನಿಲ್ಲಿಸಿ, ಕುರ್ಚಿಯ ಬೆನ್ನು ಹಿಡಿದುಕೊಂಡು ಪರದೆಯನ್ನೇ ನೋಡತೊಡಗಿದ.