ಮುತ್ತಜ್ಜಿಯ ಮನೆಮಾತು, ಮೊಮ್ಮಗಳ ಮತ

ಓಸ್ಲೋಗೆ ಬಂದ ಹೊಸತರಲ್ಲಿ ನಾರ್ವೆಯ ಉತ್ತರದ ಮೂಲನಿವಾಸಿಗಳಾದ ಸಾಮಿ ಜನರ ಬಗ್ಗೆ ನನಗೆ ಗೊತ್ತಿದ್ದದ್ದು ಹಿಮಸಾರಂಗ ಮತ್ತು ಬಣ್ಣದ ಉಡುಪು ಮಾತ್ರ. ಅವರಿಗೆ ತಮ್ಮದೇ ಸಂಸತ್ತಿದೆ, ಅಲ್ಲಿ ಪಕ್ಷಗಳೂ ಪಕ್ಷಗಳ ನಡುವೆ ಜಗಳವೂ ಇವೆ ಎಂಬುದು ಆಮೇಲೆ ತಿಳಿಯಿತು.

1999ರಲ್ಲಿ ಹುಟ್ಟಿದ ‘ಸಾಮಿ ಜನರ ಪಕ್ಷ’ ಉತ್ತರದ ಫಿನ್‌ಮಾರ್ಕ್‌ನಿಂದ ನಾರ್ವೆ ಸಂಸತ್ತಿಗೆ ಸ್ಪರ್ಧಿಸಿ ಒಂದು ಸ್ಥಾನವನ್ನೂ ಗೆದ್ದಿಲ್ಲ. ಬಹುಸಂಖ್ಯಾತರ ಲೆಕ್ಕದಲ್ಲಿ ಗೆಲ್ಲುವುದು ಸಾಧ್ಯವೂ ಇರಲಿಲ್ಲ. ಆದರೆ 1989ರಲ್ಲಿ ಫಿನ್‌ಮಾರ್ಕ್‌ನ ಕಾರಾಶೋಕ್ ಊರಿನಲ್ಲಿ ಆರಂಭವಾದ, 39 ಸ್ಥಾನಗಳ ಸಾಮಿ ಸಂಸತ್ತಿನ ಲೆಕ್ಕವೇ ಬೇರೆ: ಅಲ್ಲಿ ಮತ ಹಾಕುವವರು ಸಾಮಿ ಮತದಾರರ ಪಟ್ಟಿಯಲ್ಲಿರುವವರು ಮಾತ್ರ. ಆ ಪಟ್ಟಿಗೆ ಸೇರಲು ತಹಸೀಲ್ದಾರರ ಪ್ರಮಾಣಪತ್ರದಂಥದ್ದೇನೂ ಬೇಡ. ತಾನು ಸಾಮಿ ಎಂದು ಘೋಷಿಸಿಕೊಂಡು, ತನ್ನ ಅಥವಾ ತಂದೆ ತಾಯಿಯ, ಅಜ್ಜ ಅಜ್ಜಿಯ, ಕಡೆಗೆ ಮುತ್ತಜ್ಜಿಯ ಮನೆಮಾತಾದರೂ ಸಾಮಿ ಆಗಿತ್ತೆಂದು ಹೇಳಿದರೆ ಸಾಕು. ಶಾಲೆಗಳಲ್ಲಿ ದಶಕಗಳ ಕಾಲ ಅದುಮಿಟ್ಟ ನುಡಿಯನ್ನೇ ಹಕ್ಕಿನ ಗುರುತಾಗಿಸಿದ್ದು ಭಾಷೆಯ ಹೆಸರಲ್ಲಿ ನಾಡು ಕಟ್ಟಿಕೊಂಡ ನನಗೆ ತೀರ ಹತ್ತಿರದ್ದೆನಿಸುತ್ತದೆ. ಮೊದಲ ಚುನಾವಣೆಗೆ ಹೆಸರು ನೋಂದಾಯಿಸಿದವರು 5,505 ಮಂದಿ. 2021ರ ಹೊತ್ತಿಗೆ ಅವರ ಸಂಖ್ಯೆ 20 ಸಾವಿರ ದಾಟಿತ್ತು. ಊರು ಬಿಟ್ಟು ಓಸ್ಲೋದಲ್ಲಿ ನೆಲೆಸಿದ ಸಾಮಿಗೂ ‘ದಕ್ಷಿಣ ನಾರ್ವೆ’ ಎಂಬ ಕ್ಷೇತ್ರವಿದೆ. ವಿಮಾನವೇರಿ ಊರಿಗೇ ಹೋಗದೆ ಮತ ಹಾಕಲಾರದ ನನಗೆ ಇದರಲ್ಲಿ ಸ್ವಲ್ಪ ಹೊಟ್ಟೆಕಿಚ್ಚೂ ಉಂಟು.

ಪಟ್ಟಿ ತಮ್ಮದೇ ಆದ್ದರಿಂದ ಭಿನ್ನಮತವೂ ತಮ್ಮದೇ. ಫಿನ್‌ಮಾರ್ಕ್‌ನ ನೆಲ ಅಲ್ಲಿನ ಎಲ್ಲರಿಗೂ ಸೇರಿದ್ದು ಎನ್ನುವ ನೂರ್‌ಕಾಲೊಟ್‌ಫೋಲ್ಕೆ ಪಕ್ಷ 2021ರಲ್ಲಿ 9 ಸ್ಥಾನ ಗೆದ್ದಿತು. ಈ ಸಂಸತ್ತನ್ನೇ ಮುಚ್ಚಬೇಕೆನ್ನುವ ನಾರ್ವೆಯ ಪ್ರಗತಿ ಪಕ್ಷವೂ ಅದರ ಚುನಾವಣೆಗೆ ನಿಂತು ಹಿಂದೆ ಒಳಗೆ ಕೂತದ್ದುಂಟು!

ನಮ್ಮಲ್ಲಿ ವಿಧಾನಸಭೆಯ 224 ಸ್ಥಾನಗಳಲ್ಲಿ 15 ಪರಿಶಿಷ್ಟ ಪಂಗಡಗಳಿಗೆ ಮೀಸಲು. ಅಭ್ಯರ್ಥಿ ಆ ಪಂಗಡದವನಾದರೂ ಅವನನ್ನು ಆರಿಸುವುದು ಕ್ಷೇತ್ರದ ಎಲ್ಲ ಮತದಾರರು. ಟಿಕೆಟ್ ಕೊಡುವುದು ದೊಡ್ಡ ಪಕ್ಷಗಳು. ಆದ್ದರಿಂದ ಗೆಲ್ಲುವವರಲ್ಲಿ ಹೆಚ್ಚಿನವರು ಸಂಖ್ಯೆಯಲ್ಲಿ ದೊಡ್ಡದಾದ ನಾಯಕ ಸಮುದಾಯದವರು. ಅದು ಅವರ ತಪ್ಪಲ್ಲ. ಆದರೆ ಜೇನುಕುರುಬರಿಗೂ ಕೊರಗರಿಗೂ ಆ 15ರಿಂದ ದಕ್ಕಿದ್ದೇನು? ಸಿದ್ದಿ ಸಮುದಾಯದ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತು ಪ್ರವೇಶಿಸಿದ್ದೂ ನಾಮನಿರ್ದೇಶನದ ಬಾಗಿಲಿನಿಂದಲೇ, ಮತಪೆಟ್ಟಿಗೆಯಿಂದಲ್ಲ.

ಹಾಗೆಂದು ಕಾರಾಶೋಕ್ ಸ್ವರ್ಗವೇನಲ್ಲ. ಆ ಸಭೆಗೆ ಸರ್ಕಾರದ ನಿರ್ಧಾರವನ್ನು ತಡೆಯುವ ಅಧಿಕಾರವಿಲ್ಲ, ಸರ್ಕಾರ ಕೇಳಿಸಿಕೊಂಡು ತನ್ನ ದಾರಿ ಹಿಡಿಯಬಹುದು. ಮಧ್ಯ ನಾರ್ವೆಯ ಫೋಸೆನ್‌ನಲ್ಲಿ ಸಾಮಿಗಳ ಹಿಮಸಾರಂಗ ಮೇಯುವ ನೆಲದಲ್ಲಿ ನಿಂತ ಗಾಳಿಯಂತ್ರಗಳ ಪರವಾನಗಿ ಸಾಮಿಗಳ ಹಕ್ಕಿನ ಉಲ್ಲಂಘನೆ, ಆದ್ದರಿಂದ ಅಸಿಂಧು ಎಂದು 2021ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತರೂ ಅವು ತಿರುಗುತ್ತಲೇ ಇದ್ದವು. 2023ರ ಫೆಬ್ರವರಿಯಲ್ಲಿ ಸಾಮಿ ಯುವಜನರು ಓಸ್ಲೋದ ಸಚಿವಾಲಯಗಳ ಬಾಗಿಲಿಗೆ ಅಡ್ಡ ಕೂತರು. ಹಿಮಸಾರಂಗದ ತೊಗಲಿನ ಮೇಲೆ ಕೂತ ಅವರನ್ನು ಪೊಲೀಸರು ಎತ್ತಿಕೊಂಡು ಹೋಗುವಾಗಲೂ ಮೈಮೇಲೆ ಅದೇ ಬಣ್ಣದ ಉಡುಪಿತ್ತು.