ಅಪ್ಪ-ಸಾನ್

ಇಲ್ಲಿ ನನ್ನನ್ನು ಎಲ್ಲರೂ 'ಅಪ್ಪ-ಸಾನ್' ಅಂತ ಕರೆಯುತ್ತಾರೆ. ನಾನು ಇಪ್ಪತ್ತಾರು ವರ್ಷದ ಹುಡುಗಿ.

ಆಗಿದ್ದು ಇಷ್ಟು. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಜಾಗದಲ್ಲಿ ಏನು ಬರೆಯಬೇಕು ಅಂತ ಗೊತ್ತಾಗಲಿಲ್ಲ. ನಮ್ಮ ಕಡೆ ಯಾರಿಗಿದೆ ಸರ್‌ನೇಮು? ಇನಿಶಿಯಲ್ ಇದೆ, ಅಷ್ಟೇ. ಸೈಬರ್ ಸೆಂಟರಿನ ಅಣ್ಣ ಅಪ್ಪನ ಹೆಸರು ತುಂಬಿಸಿದ. ಜಪಾನಿನಲ್ಲಿ ಕೆಲಸದ ಜಾಗದಲ್ಲಿ ಮನೆತನದ ಹೆಸರಿಗೆ 'ಸಾನ್' ಸೇರಿಸಿ ಕರೆಯುವುದು ರೂಢಿ. ಅಪ್ಪನ ಹೆಸರು ಉದ್ದ. ದಾವಣಗೆರೆ ಕಡೆಯ ಅರ್ಧ ಗಂಡಸರ ಹಾಗೆ ಕೊನೆಗೆ 'ಅಪ್ಪ' ಅಂತ ಬರುತ್ತದೆ. (ಪೂರ್ತಿ ಹೆಸರು ಇಲ್ಲಿ ಹಾಕುವುದಿಲ್ಲ, ಅವರಿಗೆ ಫೇಸ್‌ಬುಕ್ ಅಂದರೆ ಸಿಟ್ಟು.) ಬ್ಯಾಡ್ಜಿನ ಮೇಲೆ ಪೂರ್ತಿ ಇದೆ, ಜನರ ಬಾಯಲ್ಲಿ ಬಾಲ ಮಾತ್ರ ಉಳಿದಿದೆ. ತೊಂಬತ್ತು ದಾಟಿದ ಅಜ್ಜಿಯರು ಕೈ ಎತ್ತಿ "ಅಪ್ಪ-ಸಾನ್" ಅಂತ ಕೂಗಿದಾಗ ಮೊದಲ ವಾರ ನಗು ತಡೆಯಲು ಆಗುತ್ತಿರಲಿಲ್ಲ. ಅಪ್ಪನಿಗೆ ಫೋನಿನಲ್ಲಿ ಹೇಳಿದೆ. "ಹಂಗಾರೆ ದಿನಾ ನಾನೂ ಡ್ಯೂಟಿಗೆ ಬಂದಂಗಾತು ಬಿಡು" ಅಂದರು.

ನಾನಿರುವುದು ಐಚಿ ಪ್ರಾಂತ್ಯದಲ್ಲಿ, ನಗೋಯಾದಿಂದ ರೈಲಿನಲ್ಲಿ ನಲವತ್ತು ನಿಮಿಷ. ವೃದ್ಧರ ಆರೈಕೆ ಕೇಂದ್ರದಲ್ಲಿ ಕೆಲಸ. ಇದಕ್ಕೆ ಇಲ್ಲಿ 'ಕೈಗೊ' ಅನ್ನುತ್ತಾರೆ. ಊಟ ಮಾಡಿಸುವುದು, ಸ್ನಾನ, ಡೈಪರ್ ಬದಲಿಸುವುದು, ಹಾಸಿಗೆಯಿಂದ ಗಾಲಿಕುರ್ಚಿಗೆ ಎತ್ತಿ ಕೂರಿಸುವುದು, ಎಲ್ಲ ಮುಗಿದ ಮೇಲೆ ಪ್ರತಿಯೊಂದನ್ನೂ ಜಪಾನಿ ಭಾಷೆಯಲ್ಲಿ ಬರೆದಿಡುವುದು. ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿ ಬೆಂಗಳೂರಿನಲ್ಲಿ ಎರಡು ವರ್ಷ ನೈಟ್ ಡ್ಯೂಟಿ ಮಾಡಿದವಳಿಗೆ ಕೆಲಸ ಹೊಸದಲ್ಲ. ಸೊಂಟ ನೋವೂ ಹೊಸದಲ್ಲ.

ವಾರಕ್ಕೆ ಇಬ್ಬರು ಮೂವರಾದರೂ ಇನ್‌ಬಾಕ್ಸಿನಲ್ಲಿ ಕೇಳುತ್ತಾರೆ. "ಅಕ್ಕಾ, ನಾನೂ ಜಪಾನಿಗೆ ಬರಬೇಕು, ಸಂಬಳ ಎಷ್ಟು?" ಪ್ರತಿಯೊಬ್ಬರಿಗೂ ಬರೆದು ಸಾಕಾಯಿತು, ಒಂದೇ ಸಲ ಇಲ್ಲಿ ಬರೆಯುತ್ತಿದ್ದೇನೆ. ನೀವು ಕೇಳಬೇಕಾದ ಮೊದಲ ಪ್ರಶ್ನೆ ಸಂಬಳದ್ದಲ್ಲ ಅಂತ ನನಗೆ ಈಗ ಅನಿಸುತ್ತದೆ. ಎಷ್ಟು ವರ್ಷ ಇರಲು ಬಿಡುತ್ತಾರೆ, ಯಾರ ಜೊತೆ ಇರಲು ಬಿಡುತ್ತಾರೆ, ಅದನ್ನು ಕೇಳಿ. ನಾನು ಕೇಳಿರಲಿಲ್ಲ.

ಆದರೂ ದುಡ್ಡಿನ ವಿಷಯವನ್ನೇ ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಓದುವುದಿಲ್ಲ ನೀವು. ರಾತ್ರಿ ಪಾಳಿ ಸೇರಿ ನನಗೆ ಸುಮಾರು 2,10,000 ಯೆನ್ ಬರುತ್ತದೆ. ಅದರಲ್ಲಿ ಆರೋಗ್ಯ ವಿಮೆ, ಪಿಂಚಣಿ, ನಿರುದ್ಯೋಗ ವಿಮೆ, ಆದಾಯ ತೆರಿಗೆ, ಕೋಣೆ ಬಾಡಿಗೆ ಕಳೆಯಿರಿ. ಮೊದಲ ವರ್ಷ ಕೈಗೆ ಸಿಗುತ್ತಿದ್ದದ್ದು ಒಂದೂವರೆ ಲಕ್ಷದ ಆಸುಪಾಸು. ಎರಡನೇ ವರ್ಷದ ಜೂನ್‌ನಲ್ಲಿ ಇನ್ನೂ ಕಡಿಮೆ ಬಂತು. ಲೆಕ್ಕ ತಪ್ಪಿದ್ದಾರೆ ಅಂತ ಆಫೀಸಿಗೆ ಹೋದೆ. ತಪ್ಪಿರಲಿಲ್ಲ. 'ಜೂಮಿನ್‌ಜೇ' ಅಂತ ಒಂದಿದೆ, ವಾಸದ ತೆರಿಗೆ. ಹಿಂದಿನ ವರ್ಷದ ಆದಾಯದ ಮೇಲೆ ಲೆಕ್ಕ ಹಾಕಿ ಜೂನ್‌ನಿಂದ ಹಿಡಿಯುತ್ತಾರೆ. ಬಂದ ಹೊಸದರಲ್ಲಿ ಹಿಂದಿನ ವರ್ಷದ ಆದಾಯವೇ ಇರುವುದಿಲ್ಲವಲ್ಲ, ಅದಕ್ಕೇ ಅಲ್ಲಿಯವರೆಗೆ ಗೊತ್ತೇ ಆಗಿರಲಿಲ್ಲ. ಊರಿನ ಯಾವ ಏಜೆಂಟನೂ ಇದನ್ನು ಹೇಳುವುದಿಲ್ಲ. ಯೆನ್ ಬೇರೆ ಬಿದ್ದಿದೆ. 2020ರಲ್ಲಿ 100 ಯೆನ್‌ಗೆ 70 ರೂಪಾಯಿ ಬರುತ್ತಿತ್ತಂತೆ. ನಾನು ಬಂದ 2024ರಿಂದ ಹೆಚ್ಚಾಗಿ 60ರ ಕೆಳಗೇ ನೋಡಿದ್ದೇನೆ. 2025ರಲ್ಲಿ ಅಕ್ಕಿ ಬೆಲೆ ಎಲ್ಲಿಗೆ ಹೋಯಿತೆಂದರೆ, ಐದು ಕಿಲೋ ಚೀಲಕ್ಕೆ 4,000 ಯೆನ್ ದಾಟಿತು. ಅಂಗಡಿಯಲ್ಲಿ ನಿಂತು ಮನಸ್ಸಿನಲ್ಲೇ ರೂಪಾಯಿಗೆ ತಿರುಗಿಸಬಾರದು ಅಂತ ನಮ್ಮ ರೂಮಿನಲ್ಲಿ ಒಂದು ನಿಯಮ ಇದೆ. ಯಾರೂ ಪಾಲಿಸುವುದಿಲ್ಲ.

ಒಂದು ಒಳ್ಳೆಯದನ್ನೂ ಹೇಳಬೇಕು. ಪಿಂಚಣಿಗೆ ಕಟ್ಟಿದ್ದು ಪೂರ್ತಿ ಮುಳುಗುವುದಿಲ್ಲ. ಜಪಾನ್ ಬಿಟ್ಟು ಹೋದ ಮೇಲೆ ಎರಡು ವರ್ಷದೊಳಗೆ ಅರ್ಜಿ ಹಾಕಿದರೆ ಒಂದು ಭಾಗ ಒಟ್ಟಿಗೆ ವಾಪಸ್ ಕೊಡುತ್ತಾರೆ. ಎಷ್ಟೇ ಕಟ್ಟಿದ್ದರೂ ಐದು ವರ್ಷದವರೆಗಿನದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ.

ಕಾಗದಪತ್ರದ ಕಥೆಯೇ ಬೇರೆ. ವಾಸದ ಕಾರ್ಡನ್ನು ವಿಮಾನ ನಿಲ್ದಾಣದಲ್ಲೇ ಕೊಟ್ಟರು. ಮನೆ ಸೇರಿದ 14 ದಿನದೊಳಗೆ ನಗರ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ಅದೂ ಆಯಿತು. ಆಮೇಲೆ ಸುತ್ತು ಶುರು. ಬ್ಯಾಂಕಿನವರು ಫೋನ್ ನಂಬರ್ ಕೇಳಿದರು, ಫೋನ್ ಅಂಗಡಿಯವರು ಬ್ಯಾಂಕ್ ಖಾತೆ ಕೇಳಿದರು. ಕೊನೆಗೆ ನಮ್ಮ ಕೇಂದ್ರದ ಮೇಡಂ ಒಬ್ಬರು ಜೊತೆಗೆ ಬಂದು ಕೂತರು, ಖಾತೆ ಆಯಿತು. ಮೊದಲ ಸಂಬಳ ಬರಲಿಲ್ಲ! ಯಾಕೆ ಗೊತ್ತಾ? ಒಂದು ಒತ್ತಕ್ಷರ. ಪರದೇಶಿ ಹೆಸರುಗಳನ್ನು ಇಲ್ಲಿ ಕಟಕನಾ ಲಿಪಿಯಲ್ಲಿ ಬರೆಯುತ್ತಾರೆ. ನಮ್ಮ ಕಾಗುಣಿತದ ಹಾಗೇ ಅದು, ಕ ಕಿ ಕು ಅಂತ ಉಚ್ಚಾರಕ್ಕೊಂದು ಅಕ್ಷರ, ಕನ್ನಡದವರಿಗೆ ಎರಡು ವಾರದಲ್ಲಿ ಬರುತ್ತದೆ. 'ಪ್ಪ' ಬರೆಯಬೇಕೆಂದರೆ 'ಪ'ಕ್ಕಿಂತ ಮುಂಚೆ ಒಂದು ಪುಟ್ಟ 'ತ್ಸು' ಹಾಕಬೇಕು. ಬ್ಯಾಂಕಿನಲ್ಲಿ ಹಾಕಿದ್ದರು, ಸಂಬಳದ ಪಟ್ಟಿಯಲ್ಲಿ ಹಾಕಿರಲಿಲ್ಲ. ಹೆಸರು ಹೊಂದಲಿಲ್ಲ ಅಂತ ದುಡ್ಡು ಹಿಂದಕ್ಕೆ ಹೋಯಿತು. ಅಪ್ಪನ ಹೆಸರಿಗೆ ಒತ್ತು ಸಿಗುವವರೆಗೆ ಆರು ದಿನ ನನ್ನ ಹತ್ತಿರ 3,000 ಯೆನ್ ಇತ್ತು. ಮೊಟ್ಟೆ, ಅನ್ನ, ಅಮ್ಮ ಕಟ್ಟಿಕೊಟ್ಟ ಶೇಂಗಾ ಚಟ್ನಿಪುಡಿ. ಸಸ್ಯಾಹಾರಿಗಳಿಗೆ ಇಷ್ಟೂ ಸುಲಭವಿಲ್ಲ. ಬರೀ ತರಕಾರಿ ಸಾರು ಅಂತ ಕೊಟ್ಟದ್ದರಲ್ಲೂ 'ದಾಶಿ', ಅಂದರೆ ಮೀನು ಕುದಿಸಿ ತೆಗೆದ ರಸ ಇರುತ್ತದೆ.

ಇಲ್ಲಿ ಕಸ ವಿಂಗಡಿಸುವ ಬಗ್ಗೆ ರೀಲ್ಸ್ ನೋಡಿ ನೀವೆಲ್ಲ ಪಂಡಿತರಾಗಿದ್ದೀರಿ, ಬಿಡಿ.

ಭಾಷೆಯ ಬಗ್ಗೆ ಮಾತ್ರ ಬಿಡಲಾಗದ ಒಂದು ಘಟನೆ ಇದೆ. ಬರುವ ಮುಂಚೆ ಪರೀಕ್ಷೆ ಪಾಸಾಗಿದ್ದೆ, ಕೈಗೊ ಕೆಲಸದ ಜಪಾನಿಗೇ ಬೇರೆ ಪರೀಕ್ಷೆ, ಅದೂ ಪಾಸು. ಪುಸ್ತಕದಲ್ಲಿ 'ಎರಾಯ್' ಅಂದರೆ ಶಹಬ್ಬಾಸ್, ದೊಡ್ಡ ಮನುಷ್ಯ ಅಂತ ಅರ್ಥ. ಒಂದು ಸಂಜೆ ಅಜ್ಜಿಯೊಬ್ಬರು ನನ್ನ ಕೈ ಹಿಡಿದು "ಎರಾಯ್, ಎರಾಯ್" ಅಂದರು. ನನ್ನನ್ನೇ ಹೊಗಳುತ್ತಿದ್ದಾರೆ ಅಂದುಕೊಂಡು ತಲೆ ಬಾಗಿಸಿ ಥ್ಯಾಂಕ್ಸ್ ಹೇಳಿದೆ. ಅವರು ಮತ್ತೆ ಅದನ್ನೇ ಹೇಳಿದರು, ನಾನು ಮತ್ತೆ ಥ್ಯಾಂಕ್ಸ್ ಹೇಳಿದೆ. ಹಿಂದಿನಿಂದ ಬಂದ ಸೀನಿಯರ್ ಓಡಿ ಬಂದು ಹಣೆ ಮುಟ್ಟಿದರು. 38.4 ಡಿಗ್ರಿ ಸೆಲ್ಸಿಯಸ್ ಜ್ವರ. ನಗೋಯಾ ಕಡೆಯ ಮಾತಿನಲ್ಲಿ 'ಎರಾಯ್' ಅಂದರೆ ಸುಸ್ತು, ಮೈಗೆ ಹುಷಾರಿಲ್ಲ, ಆಗುತ್ತಿಲ್ಲ ಅಂತ. ಪಠ್ಯಪುಸ್ತಕದ ಕನ್ನಡ ಕಲಿತು ಬಂದವನಿಗೆ ಹುಬ್ಬಳ್ಳಿಯ ಅಜ್ಜ "ಭಾಳ ತ್ರಾಸ್ ಆಗೇತಿ" ಅಂದರೆ ಏನು ತಿಳಿದೀತು? ಅಜ್ಜಿ ಹುಷಾರಾದರು. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ. ಈಗ ಕಿಸೆಯಲ್ಲಿ ಒಂದು ಪುಟ್ಟ ನೋಟ್‌ಬುಕ್ ಇಟ್ಟುಕೊಂಡು ಅಜ್ಜ ಅಜ್ಜಿಯರ ಮಾತುಗಳನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತೇನೆ. ಕೈಗೊಗೆ ನಿಜವಾದ ಸಿಲಬಸ್ ಅದೇ.

ಈಗ ವರ್ಷದ ವಿಷಯ. ನಮ್ಮ ವೀಸಾಗೆ 'ತೊಕುತೇ ಗಿನೋ' ಅನ್ನುತ್ತಾರೆ, ಗೊತ್ತುಪಡಿಸಿದ ಕೌಶಲದವರು ಅಂತ ಅರ್ಥ. 2019ರ ಏಪ್ರಿಲ್‌ನಲ್ಲಿ ಶುರುವಾದದ್ದು. ನಮ್ಮ ದೇಶದ ಜೊತೆ ಒಪ್ಪಂದ 2021ರ ಜನವರಿಯಲ್ಲಿ ಆಯಿತು. ಇದರ ಮೊದಲ ಹಂತದಲ್ಲಿ ಒಟ್ಟು ಐದು ವರ್ಷ ಇರಬಹುದು. ಗಂಡ, ಹೆಂಡತಿ, ಮಕ್ಕಳನ್ನು ಕರೆತರುವ ಹಾಗಿಲ್ಲ. ನಮ್ಮ ಕೇಂದ್ರದಲ್ಲಿ ವಿಯೆಟ್ನಾಮಿನ ಒಬ್ಬಳಿದ್ದಾಳೆ, ಅವಳ ಮಗುವಿಗೆ ನಾಲ್ಕು ವರ್ಷ. ವಿಡಿಯೋ ಕಾಲ್ ಮಾಡಿದರೆ ಮಗು ಆಟ ಬಿಟ್ಟು ಬರುವುದಿಲ್ಲ. ಅವಳು ಫೋನನ್ನು ಮೇಜಿಗೆ ಒರಗಿಸಿಟ್ಟು ಮಗು ಆಡುವುದನ್ನು ನೋಡುತ್ತಾ ಊಟ ಮಾಡುತ್ತಾಳೆ.

ಇಲ್ಲಿ ನನಗೆ ತಕರಾರಿದೆ. 2024ರ ಕೊನೆಗೆ ಈ ದೇಶದಲ್ಲಿ 37 ಲಕ್ಷಕ್ಕೂ ಹೆಚ್ಚು ವಿದೇಶಿಯರಿದ್ದರು. ಜಪಾನಿನವರ ಅಜ್ಜ ಅಜ್ಜಿಯರಿಗೆ ತುತ್ತು ಉಣಿಸಲು ನಾವು ಬೇಕು, ಸರಿ. ನಮ್ಮ ಮಕ್ಕಳು ಬೇಡವೇ? ಇದೇ ಐಚಿಯಲ್ಲಿ ತೊಯೋತಾ ನಗರದ ಹೋಮಿ ದಾಂಚಿ ಅಂತ ದೊಡ್ಡ ವಸತಿ ಸಮುಚ್ಚಯ ಇದೆ. 1990ರಲ್ಲಿ ಕಾನೂನು ಬದಲಾದ ಮೇಲೆ ಜಪಾನಿ ಮೂಲದ ಬ್ರೆಜಿಲ್ ಜನ ಕಾರ್ಖಾನೆ ಕೆಲಸಕ್ಕೆ ಬಂದು ನೆಲೆಸಿದ ಜಾಗ. 2009ರಲ್ಲಿ, ಆರ್ಥಿಕ ಹೊಡೆತದ ನಂತರ, ಅಂಥವರಿಗೆ ಸರ್ಕಾರವೇ ತಲಾ 3,00,000 ಯೆನ್ ಕೊಟ್ಟು ಊರಿಗೆ ಹೋಗಿ ಅಂದಿತು. ಅದೇ ವೀಸಾದಲ್ಲಿ ಸದ್ಯಕ್ಕೆ ವಾಪಸ್ ಬರಬಾರದು ಅನ್ನುವುದು ಷರತ್ತು. ನಮ್ಮ ವೀಸಾದಲ್ಲಿ ಆ ಷರತ್ತನ್ನು ಮೊದಲ ದಿನವೇ ಬರೆದಿಟ್ಟ ಹಾಗೆ ನನಗೆ ಕಾಣುತ್ತದೆ. ಇಲ್ಲಿಯ ಜನರ ಮೇಲೆ ನನಗೆ ಬೇಜಾರಿಲ್ಲ. ಚಳಿಗಾಲದಲ್ಲಿ ಪಕ್ಕದ ಮನೆಯವರು ಬಾಗಿಲಿಗೆ ಮೂಲಂಗಿ ನೇತುಹಾಕಿ ಹೋಗುತ್ತಾರೆ. ಬೇಜಾರು ನಿಯಮದ ಮೇಲೆ.

ಒಂದು ದಾರಿ ಇದೆ, ಏಜೆಂಟರು ಅದನ್ನೂ ಸರಿಯಾಗಿ ಹೇಳುವುದಿಲ್ಲ. ಮೂರು ವರ್ಷ ಕೆಲಸ ಮಾಡಿ, 450 ಗಂಟೆಯ ತರಬೇತಿ ಮುಗಿಸಿ, 'ಕೈಗೊ ಫುಕುಶಿಶಿ' ಅನ್ನುವ ರಾಷ್ಟ್ರೀಯ ಪರೀಕ್ಷೆ ಬರೆಯಬಹುದು. ವರ್ಷಕ್ಕೊಮ್ಮೆ, ಜನವರಿಯಲ್ಲಿ, ಪೂರ್ತಿ ಜಪಾನಿಯಲ್ಲಿ. ಪಾಸಾದರೆ ಬೇರೆ ವೀಸಾ. ಅದನ್ನು ಎಷ್ಟು ಸಲವಾದರೂ ನವೀಕರಿಸಬಹುದು, ಗಂಡ ಮಕ್ಕಳನ್ನು ಕರೆತರಬಹುದು. 2026ರ ಪರೀಕ್ಷೆಯಿಂದ ಮೂರು ಭಾಗ ಮಾಡಿ, ಪಾಸಾದ ಭಾಗವನ್ನು ಉಳಿಸಿಕೊಳ್ಳಲು ಬಿಟ್ಟಿದ್ದಾರೆ. ನಾನು ತರಬೇತಿಗೆ ಸೇರಿದ್ದೇನೆ. ರಾತ್ರಿ ಪಾಳಿ ಮುಗಿಸಿ ಬಂದು ಪುಸ್ತಕ ತೆಗೆದರೆ ಕಂಜಿಗಳು (ಚಿತ್ರದಂಥ ಜಪಾನಿ ಅಕ್ಷರಗಳು) ಇರುವೆ ಸಾಲಿನ ಹಾಗೆ ಓಡಾಡುತ್ತವೆ.

ಹಾಗಾಗಿ, ಬರಬೇಡಿ ಅಂತ ಖಂಡಿತ ಹೇಳುತ್ತಿಲ್ಲ. ಏಜೆಂಟ್ ಮೂರು ಲಕ್ಷ ಕೇಳಿದರೆ ಎದ್ದು ಬನ್ನಿ. ನೋಂದಾಯಿತ ಏಜೆಂಟರು ತೆಗೆದುಕೊಳ್ಳಬಹುದಾದ ಶುಲ್ಕಕ್ಕೆ ನಮ್ಮ ಸರ್ಕಾರದ ಮಿತಿ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಕಾಂಟ್ರ್ಯಾಕ್ಟಿನಲ್ಲಿ ಬಾಡಿಗೆ ಎಷ್ಟು ಹಿಡಿಯುತ್ತಾರೆ ನೋಡಿ. ಪರೀಕ್ಷೆ ಬರೆಯಲು ಆ ಕೇಂದ್ರದವರು ಸಮಯ ಕೊಡುತ್ತಾರಾ ಕೇಳಿ. ಪಾಸ್‌ಪೋರ್ಟ್ ಇನ್ನೂ ಮಾಡಿಸಿಲ್ಲದಿದ್ದರೆ ಸರ್‌ನೇಮ್ ಜಾಗದಲ್ಲಿ ಏನು ಹಾಕುತ್ತೀರಿ ಅಂತ ಮನೆಯಲ್ಲಿ ಕೂತು ಯೋಚಿಸಿ. ಮುಂದಿನ ಐದು ವರ್ಷ ಜನ ನಿಮ್ಮನ್ನು ಅದೇ ಹೆಸರಿಂದ ಕರೆಯುತ್ತಾರೆ.

ಬೇರೆ ಏನಾದರೂ ಇದ್ದರೆ ಕಮೆಂಟಿನಲ್ಲಿ ಕೇಳಿ. ಇವತ್ತು ನೈಟ್ ಇದೆ, ಉತ್ತರ ನಾಳೆ ಮಧ್ಯಾಹ್ನದ ಮೇಲೆ.