ಉಯ್ಯಾಲೆ ಯಾವ ವಾರ್ಡಿನದ್ದು?

ಗೆರೆ ಎಳೆಯುವವರ ಮೇಲೆ ಕೋಪ ಮಾಡಿಕೊಳ್ಳುವುದನ್ನು ಕಾಸರಗೋಡಿನವರು ಬಿಟ್ಟು ಎಷ್ಟೋ ಕಾಲವಾಯಿತು. 1956ರ ನವೆಂಬರ್ 1ರಂದು ಒಂದು ಗೆರೆ ಎಳೆದರು. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಮಲಗಿದವರು ಕೇರಳದಲ್ಲಿ ಎದ್ದರು. 1967ರಲ್ಲಿ ಗಡಿ ವಿವಾದ ನೋಡಲು ಬಂದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಗುಂಟ ಇನ್ನೊಂದು ಗೆರೆ ತೋರಿಸಿ, ಹೊಳೆಯ ಬಡಗು ಬದಿ ಕರ್ನಾಟಕಕ್ಕೆ ಎಂದಿತು. ಅದು ಕಾಗದದಲ್ಲೇ ಉಳಿಯಿತು. 1984ರ ಮೇ 24ಕ್ಕೆ ಜಿಲ್ಲೆ ಅಂತ ಮತ್ತೊಂದು ಗೆರೆ. ಎಲ್ಲದಕ್ಕೂ ಒಗ್ಗಿಕೊಂಡೆವು. ಆದರೆ ಮಕ್ಕಳ ಉಯ್ಯಾಲೆಯ ನಡುವೆ ಗೆರೆ ಹಾಯ್ದದ್ದು ಇದೇ ಮೊದಲು.

2025ರ ಸ್ಥಳೀಯ ಚುನಾವಣೆಗೆ ಮೊದಲು ಕೇರಳದಲ್ಲೆಲ್ಲ ವಾರ್ಡುಗಳನ್ನು ಮರುವಿಂಗಡಣೆ ಮಾಡಿದರಲ್ಲ, ಆಗ ನಮ್ಮ ಪೇಟೆಯ ಪಾರ್ಕ್ ಎರಡಾಯಿತು. (ಪೇಟೆಯ ಹೆಸರು ಹೇಳುವುದಿಲ್ಲ. ಮನೆ ತೆರಿಗೆ ಕಟ್ಟಲು ನಾಳೆ ಅದೇ ಕಚೇರಿಗೆ ಹೋಗಬೇಕು ಮಾರಾಯ್ರೆ.) ಗೇಟು, ನಳ್ಳಿ, ಸ್ವಿಚ್ಚಿನ ಪೆಟ್ಟಿಗೆ ಒಂದು ವಾರ್ಡಿಗೆ ಹೋದವು. ದೀಪದ ಕಂಬ, ಬೆಂಚು, ಓಪನ್ ಜಿಮ್ ಇನ್ನೊಂದಕ್ಕೆ. ಉಯ್ಯಾಲೆಯಲ್ಲಿ ಕೂತ ಮಗು ಮುಂದೆ ಹೋಗುವಾಗ ಆ ವಾರ್ಡ್, ಹಿಂದೆ ಬರುವಾಗ ಈ ವಾರ್ಡ್. ಬಲ್ಬು ಹೋದರೆ ಯಾರಿಗೆ ಹೇಳುವುದು? ಈ ಕೌನ್ಸಿಲರ್ "ಕಂಬ ಆಚೆಯದ್ದು" ಎನ್ನುತ್ತಾರೆ. ಆಚೆಯವರು "ಸ್ವಿಚ್ಚು ಈಚೆಯದ್ದಲ್ವಾ?" ಎಂದು ನಗುತ್ತಾರೆ. ಇಬ್ಬರೂ ಒಳ್ಳೆಯವರೇ. ಮದುವೆ ಮನೆಯಲ್ಲಿ ಸಿಕ್ಕಿದರೆ ಮೊದಲು ಅವರೇ ಮಾತಾಡಿಸುತ್ತಾರೆ. ಆದರೆ ಪಾರ್ಕ್ ಇಬ್ಬರದ್ದೂ ಆಗುವುದು ರಿಬ್ಬನ್ ಕತ್ತರಿಸುವ ದಿನ ಮಾತ್ರ. ಗೇಟಿನ ಬದಿಯ ಗೋಡೆ ನೋಡಿ: ಶಿಲಾನ್ಯಾಸದ ಕಲ್ಲು, ಉದ್ಘಾಟನೆಯ ಕಲ್ಲು, ನವೀಕರಣದ ಕಲ್ಲು, ಓಪನ್ ಜಿಮ್ಮಿಗೆ ಬೇರೆ ಕಲ್ಲು. ಕಡಲ ಗಾಳಿಗೆ ಜಿಮ್ಮಿನ ಕಬ್ಬಿಣವೆಲ್ಲ ತುಕ್ಕು ಹಿಡಿದಿದೆ. ಗ್ರಾನೈಟಿಗೆ ತುಕ್ಕು ಹಿಡಿಯುವುದಿಲ್ಲ ನೋಡಿ.

ನವೀಕರಣದ ಕತೆ ಸ್ವಲ್ಪ ಹೇಳಬೇಕು. ಮೊದಲು ಇಲ್ಲಿ ಇದ್ದದ್ದು ಕೆಂಪು ಮಣ್ಣು, ಗರಿಕೆ ಹುಲ್ಲು, ಒಂದು ಕಾಟು ಮಾವಿನ ಮರ. ಬೇಸಗೆಯಲ್ಲಿ ಹಣ್ಣು ಬೀಳುತ್ತಿತ್ತು. ಮಕ್ಕಳು ಹೆಕ್ಕಿ ತಿನ್ನುತ್ತಿದ್ದರು. ಹಣ್ಣು ಬಿದ್ದರೆ ನೆಲ ಗಲೀಜು ಅಂತ ಮರ ಕಡಿದರು. ನೆರಳು ಬೇಡವಾ? ಬೇಕು. ಅದಕ್ಕೆ ಅದೇ ಜಾಗದಲ್ಲಿ ಕಾಂಕ್ರೀಟಿನ ಅಣಬೆ ಕಟ್ಟಿದರು. ಕೆಂಪು ಬಣ್ಣ, ಮೇಲೆ ಬಿಳಿ ಚುಕ್ಕಿ. ನಡು ಮಧ್ಯಾಹ್ನ ಅದರ ಕೆಳಗೆ ಇಬ್ಬರು ಕೂರಬಹುದು. ಮೂರನೆಯವರು ಬಂದರೆ ಒಬ್ಬರು ಬಿಸಿಲಿಗೆ.

ಉಳಿದ ನೆಲಕ್ಕೆಲ್ಲ ಇಂಟರ್‌ಲಾಕ್, ಅಂದರೆ ಒಂದಕ್ಕೊಂದು ಕೂರಿಸುವ ಸಿಮೆಂಟಿನ ಕಲ್ಲು. ನಮ್ಮ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಸುರಿಯುತ್ತದೆ. ಹೆಚ್ಚಿನದೆಲ್ಲ ಜೂನಿನಿಂದ ಸೆಪ್ಟೆಂಬರಿನೊಳಗೆ. ಮೊದಲು ಮಣ್ಣು ಕುಡಿದಷ್ಟು ಕುಡಿಯುತ್ತಿತ್ತು. ಈಗ ನೀರು ಪಾರ್ಕಿನಲ್ಲಿ ಒಂದು ನಿಮಿಷವೂ ನಿಲ್ಲುವುದಿಲ್ಲ, ಸೀದಾ ಆಟೋ ಸ್ಟ್ಯಾಂಡಿಗೆ. ಆಟೋದವರು ಮುಂಡು ಎತ್ತಿ ಕಟ್ಟಿಕೊಂಡು ಸೀಟಿನ ಮೇಲೆ ಕಾಲು ಮಡಚಿ ಕೂರುತ್ತಾರೆ. ಎಪ್ರಿಲಿನಲ್ಲಿ ಇನ್ನೊಂದು ಚಂದ: ಬರಿಗಾಲಲ್ಲಿ ಇಳಿದ ಮಕ್ಕಳು ಕಾವಲಿಯ ಮೇಲೆ ಬಿದ್ದ ನೀರಿನ ಹನಿಯ ಹಾಗೆ ಕುಣಿಯುತ್ತವೆ.

ಜೂನ್ 5, ವಿಶ್ವ ಪರಿಸರ ದಿನ. ಗಿಡ ನೆಡಲೇಬೇಕು. ಮಣ್ಣೆಲ್ಲಿ? ಎರಡು ಇಂಟರ್‌ಲಾಕ್ ಕಲ್ಲು ಎಬ್ಬಿಸಿದರು, ನೇರಳೆ ಗಿಡ ಇಟ್ಟರು, ಫೋಟೋ ಆಯಿತು. ಸಂಜೆ ಗುತ್ತಿಗೆದಾರರ ಹುಡುಗ ಬಂದು ಗಿಡ ಕಿತ್ತು ಕಲ್ಲನ್ನು ಪುನಃ ಕೂರಿಸಿದ. ಕಲ್ಲು ಎಬ್ಬಿಸಿದರೆ ಗ್ಯಾರಂಟಿ ಹೋಗುತ್ತದಂತೆ. ಗಿಡವನ್ನು ಅವನೇ ಮನೆಗೆ ಕೊಂಡುಹೋದ. ಆ ದಿನ ನೆಟ್ಟದ್ದರಲ್ಲಿ ಬದುಕಿರುವುದು ಅದೊಂದೇ.

ಇಷ್ಟೆಲ್ಲ ಇರುವ ಪಾರ್ಕಿನ ಸಮಯ ಬೆಳಿಗ್ಗೆ 10ರಿಂದ ಸಂಜೆ 5. ವಾಕಿಂಗಿನವರು ಬರುವುದು 6ಕ್ಕೆ. ಮಕ್ಕಳು ಶಾಲೆ ಬಿಟ್ಟು ಚಾ ಕುಡಿದು ಬರುವಾಗ 5 ದಾಟಿರುತ್ತದೆ. ಒಟ್ಟಿನಲ್ಲಿ ಯಾರೂ ಬರದ ಹೊತ್ತು ನೋಡಿ ತೆರೆಯುತ್ತಾರೆ. ಅದೂ ಕೀ ಇದ್ದವರು ಬಂದರೆ. ಹೈವೇ ಆರು ಪಥ ಆದ ಮೇಲೆ ನಡೆಯುವವರಿಗೆ ಉಳಿದದ್ದು ಈ ಪಾರ್ಕ್ ಒಂದೇ. ಅದಕ್ಕೂ ಬೀಗ.

ಪುಣ್ಯಕ್ಕೆ ಒಂದು ಕಂಡಿ ಇತ್ತು. ಆಟೋ ಸ್ಟ್ಯಾಂಡಿನ ಬದಿಯ ಮುರಕಲ್ಲಿನ ಗೋಡೆ ಒಂದು ಮಳೆಗಾಲದಲ್ಲಿ ಸೊಂಟದೆತ್ತರಕ್ಕೆ ಜರಿದಿತ್ತು. ಪಾರ್ಕ್ ನಿಜವಾಗಿ ತೆರೆದದ್ದು ಆವತ್ತು. ರಿಬ್ಬನ್ ಇಲ್ಲ, ಭಾಷಣ ಇಲ್ಲ. ಬೆಳಿಗ್ಗೆ ಅಜ್ಜಂದಿರು ಕೊಡೆ ಊರಿಕೊಂಡು ಅಲ್ಲಿಂದಲೇ ಒಳಗೆ. ಮಧ್ಯಾಹ್ನ ಮೀನಿನ ಅಕ್ಕ ಬುಟ್ಟಿಯನ್ನು ಮುರಿದ ಗೋಡೆಯ ಮೇಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಅಣಬೆಯ ಕೆಳಗೆ ಕಾಲು ಚಾಚುತ್ತಿದ್ದರು. ಸಂಜೆ ಮಕ್ಕಳ ದಂಡು. ಯಾರೋ ಪುಣ್ಯಾತ್ಮರು ಹತ್ತಲು ಅನುಕೂಲ ಅಂತ ಎರಡು ಕಲ್ಲು ಮೆಟ್ಟಿಲಿನ ಹಾಗೆ ಜೋಡಿಸಿಟ್ಟಿದ್ದರು. ಇಡೀ ಪಾರ್ಕಿನಲ್ಲಿ ಜನರಿಗೆ ಬೇಕಾದ ಹಾಗೆ ಆದ ಕೆಲಸ ಅದೊಂದೇ.

ನಾವು ಸುಮ್ನೆ ಇರಬಹುದಿತ್ತು. ಇರಲಿಲ್ಲ. ಸಮಿತಿ ಮಾಡಿದೆವು. ಇದು ಸಪ್ತಭಾಷೆಗಳ ಊರು. ಹಾಗಾಗಿ ಮೊದಲ ಸಭೆಯಲ್ಲಿ ತುಳುವಿನಲ್ಲಿ ಜಗಳ, ಮಲಯಾಳದಲ್ಲಿ ಸಮಾಧಾನ, ಕನ್ನಡದಲ್ಲಿ ನಿರ್ಣಯ. ಮಾಷ್ಟ್ರು ಅರ್ಜಿ ಬರೆದರು: ಗೇಟು ಬೇಗ ತೆರೆಯಿರಿ, ಬಲ್ಬು ಹಾಕಿ, ಒಂದಿಷ್ಟು ಮಣ್ಣು ಉಳಿಸಿ. ವಾರ್ಡ್ ಸಭೆ ಮೂರು ತಿಂಗಳಿಗೊಮ್ಮೆ ಸೇರಬೇಕು ಅಂತ ಕಾನೂನು. ನಾವು ಎರಡೂ ವಾರ್ಡಿನ ಸಭೆಗೆ ಹೋದೆವು. ಎರಡೂ ಕಡೆ ಚಾ ಚೆನ್ನಾಗಿತ್ತು.

ಅರ್ಜಿಯನ್ನು ಕನ್ನಡದಲ್ಲೇ ಕೊಟ್ಟೆವು. ಭಾಷಾ ಅಲ್ಪಸಂಖ್ಯಾತರ ಪ್ರದೇಶದಲ್ಲಿ ನಾವು ಸರಕಾರಕ್ಕೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಕೇರಳದ 1969ರ ಕಾಯ್ದೆಯೇ ಹೇಳುತ್ತದೆ. ಉತ್ತರ ಬರಲಿಲ್ಲ, ಯಾವ ಭಾಷೆಯಲ್ಲೂ. ಹಾಗಾಗಿ ತಾರತಮ್ಯ ಅಂತ ದೂರುವ ಹಾಗೂ ಇಲ್ಲ. ಕೊನೆಗೆ 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿ ಮಾಹಿತಿ ಹಕ್ಕಿನಲ್ಲಿ ಕೇಳಿದೆವು: ಪಾರ್ಕಿನ ಕೀ ಯಾರ ಹತ್ತಿರ? ಸರಿಯಾಗಿ 30ನೇ ದಿನ ಕಾಗದ ಬಂತು. ಆಸ್ತಿ ರಿಜಿಸ್ಟರಿನಲ್ಲಿ ಗೋಡೆ ಉಂಟು, ಗೇಟು ಉಂಟು, ಇಂಟರ್‌ಲಾಕ್ ಉಂಟು, ಅಣಬೆಯೂ ಉಂಟು. ಪಾರ್ಕ್ ಅಂತ ನಮೂದು ಇಲ್ಲ. ಇಲ್ಲದ ಪಾರ್ಕಿಗೆ ಕೀ ಎಲ್ಲಿಂದ?

ಆದರೆ ನಮ್ಮ ಹೋರಾಟ ಪೂರ್ತಿ ವ್ಯರ್ಥ ಆಗಲಿಲ್ಲ. ಅರ್ಜಿಯ ವಿಚಾರಣೆಗೆ ಅಂತ ಒಬ್ಬ ಓವರ್‌ಸಿಯರ್ ಬಂದರು. ಗೇಟಿಗೆ ಬೀಗ ಇತ್ತು. ಪಾಪ, ಅವರೂ ಕಂಡಿಯಿಂದಲೇ ಒಳಗೆ ಬಂದರು, ಕಂಡಿಯಿಂದಲೇ ಹೊರಗೆ ಹೋದರು. ಹೋಗಿ ವರದಿ ಬರೆದರು. ಮೂರನೇ ದಿನಕ್ಕೆ ಕಲ್ಲು, ಸಿಮೆಂಟು, ಮೇಸ್ತ್ರಿ ಎಲ್ಲ ಹಾಜರ್. ಸಂಜೆಯೊಳಗೆ ಕಂಡಿ ಬಂದ್. ನಮ್ಮ ಪೇಟೆಯಲ್ಲಿ ಇಷ್ಟು ಬೇಗ ಮುಗಿದ ಸರಕಾರಿ ಕೆಲಸ ನಾನಂತೂ ನೋಡಿಲ್ಲ. ಮರುದಿನ ಅದೇ ಗೋಡೆಯ ಮೇಲೆ ಫ್ಲೆಕ್ಸ್: ನಾಗರಿಕರ ಬಹುದಿನಗಳ ಬೇಡಿಕೆ ಈಡೇರಿಸಿದ್ದಕ್ಕೆ ಅಭಿನಂದನೆ. ಇಬ್ಬರು ಕೌನ್ಸಿಲರರ ಫೋಟೋವೂ ಒಂದೇ ಅಳತೆಯಲ್ಲಿ.

ಈಗ ಸಮಿತಿಯ ಬೇಡಿಕೆ ಒಂದೇ, ಕಂಡಿ ವಾಪಸ್ ಕೊಡಿ. ಕಚೇರಿಯಲ್ಲಿ ಅರ್ಜಿ ತೆಗೆದುಕೊಂಡರು, ಇಲ್ಲ ಅನ್ನಲಿಲ್ಲ. ಕಂಡಿ ಯಾವ ವರ್ಷ ಮಂಜೂರಾದದ್ದು ಎಂದು ತಿಳಿಸಿ, ಆದೇಶದ ಪ್ರತಿ ಲಗತ್ತಿಸಿ ಎಂದರು. ಮಾಷ್ಟ್ರು ಹಳೆಯ ಪಂಚಾಂಗಗಳನ್ನು ಹರಡಿಕೊಂಡು ಕೂತಿದ್ದಾರೆ. ಗೋಡೆ ಜರಿದದ್ದು ಆರಿದ್ರಾ ಮಳೆಗೆ ಎಂದು ಅಜ್ಜಂದಿರು. ಅಲ್ಲ, ಪುಷ್ಯ ಮಳೆಗೆ ಎಂದು ಮೀನಿನ ಅಕ್ಕನದ್ದು ಒಂದೇ ಪಟ್ಟು. ಕಳೆದ ಭಾನುವಾರದ ಸಭೆಯಲ್ಲಿ ಈ ವಿಷಯಕ್ಕೇ ಸಮಿತಿ ಎರಡಾಯಿತು. ಎರಡಕ್ಕೂ ಬೇರೆ ಬೇರೆ ರಬ್ಬರ್ ಸ್ಟ್ಯಾಂಪ್ ಮಾಡಲು ಕೊಟ್ಟಿದ್ದಾರೆ.